ಹಿಜಾಮಾ: ಬಟ್ಟಲು ಚಿಕಿತ್ಸೆಯ ಗುಣ ಮತ್ತು ಮಿತಿ

ದಿನವಿಡೀ ಮೇಜಿನ ಮುಂದೆ ಕುಳಿತು ದುಡಿಯುವ ನಗರವಾಸಿಗಳಿಗೆ ಕತ್ತುನೋವು, ಸೊಂಟನೋವುಗಳು ನಿತ್ಯದ ಸಂಗಾತಿಗಳಾಗಿವೆ. ಮಾತ್ರೆ ನುಂಗಿ ಬೇಸತ್ತವರು ಅನ್ಯ ಚಿಕಿತ್ಸೆಗಳತ್ತ ಮನಸ್ಸು ಹರಿಸುವುದು ಸಹಜ. ಚೆನ್ನೈ ಮಹಾನಗರದಲ್ಲಿ ಇಂಥವರ ಗಮನ ಸೆಳೆದಿರುವ ಪದ್ಧತಿಗಳಲ್ಲಿ ಹಿಜಾಮಾ, ಅಂದರೆ ಕಪ್ಪಿಂಗ್, ಒಂದಾಗಿದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್‌ನ ಭುಜಗಳ ಮೇಲೆ ಕಂಡ ದುಂಡನೆಯ ಕಪ್ಪು ಕಲೆಗಳು ಈ ಚಿಕಿತ್ಸೆಯ ಗುರುತುಗಳೇ ಆಗಿದ್ದವು.

ಆದರೆ ಇದು ಹೊಸ ಚಿಕಿತ್ಸೆಯಲ್ಲ, ನಮಗೆ ಪರಕೀಯವೂ ಅಲ್ಲ. ಸುಶ್ರುತ ಸಂಹಿತೆಯಲ್ಲಿ ರಕ್ತಮೋಕ್ಷಣಕ್ಕೆ ಶೃಂಗ, ಅಲಾಬು, ಜಲೌಕಗಳನ್ನು, ಅರ್ಥಾತ್ ಹಸುವಿನ ಕೊಂಬು, ಸೋರೆಬುರುಡೆ ಮತ್ತು ಜಿಗಣೆಗಳನ್ನು ಹೇಳಲಾಗಿದೆ. ಕೊಂಬಿನ ಗಾಳಿಯನ್ನು ಬಾಯಿಂದ ಹೀರುತ್ತಿದ್ದರು. ಬುರುಡೆಯೊಳಗೆ ದೀಪವಿರಿಸಿ ಚರ್ಮಕ್ಕೆ ಕವುಚುತ್ತಿದ್ದರು. ಗ್ರೀಕ್ ವೈದ್ಯರಿಗೂ ಪರಿಚಿತವಾಗಿದ್ದ ಈ ವಿಧಾನವು ಅರಬ್ ವೈದ್ಯರ ಮೂಲಕ ಯುನಾನಿ ಪದ್ಧತಿಯ ಅಂಗವಾಯಿತು.

ಚಿಕಿತ್ಸೆಯ ಕ್ರಮ

ಇಂದು ಕೊಂಬು, ಬುರುಡೆಗಳ ಸ್ಥಾನವನ್ನು ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಬಟ್ಟಲುಗಳು ಪಡೆದಿವೆ. ಜ್ವಾಲೆಯಿಂದಲೋ ಕೈಪಂಪಿನಿಂದಲೋ ಒಳಗಿನ ಗಾಳಿಯ ಒತ್ತಡವನ್ನು ತಗ್ಗಿಸಿದಾಗ ಚರ್ಮವು ಬಟ್ಟಲಿನೊಳಕ್ಕೆ ಉಬ್ಬುತ್ತದೆ; ಆ ಭಾಗಕ್ಕೆ ರಕ್ತ ಹೆಚ್ಚಾಗಿ ಹರಿಯುತ್ತದೆ. ಕಿರುರಕ್ತನಾಳಗಳು ಒಡೆಯುವುದರಿಂದ ಕಲೆ ಮೂಡಿ, ಕೆಲವು ದಿನಗಳಲ್ಲಿ ಮಾಸುತ್ತದೆ. ಇದು ಒಣ ವಿಧಾನ. ಚರ್ಮದ ಮೇಲೆ ಸಣ್ಣ ಗೀರುಗಳನ್ನು ಮಾಡಿ, ಬಟ್ಟಲನ್ನು ಮತ್ತೆ ಇಟ್ಟು ಸ್ವಲ್ಪ ರಕ್ತವನ್ನು ಹೊರತೆಗೆಯುವುದು ತೇವ ವಿಧಾನ.

ಉಪಯೋಗವೆಷ್ಟು?

ಕತ್ತುನೋವು, ಸೊಂಟನೋವುಗಳಲ್ಲಿ ಕೆಲವರಿಗೆ ಅಲ್ಪಕಾಲದ ಉಪಶಮನ ದೊರೆಯುವುದನ್ನು ಹಲವು ಅಧ್ಯಯನಗಳು ಸೂಚಿಸಿವೆ. ಆದರೆ ಇವುಗಳಲ್ಲಿ ಹೆಚ್ಚಿನವು ಚಿಕ್ಕ ಅಧ್ಯಯನಗಳಾದ್ದರಿಂದ ನಿರ್ಣಾಯಕವೆನ್ನಲಾಗದು. ‘ಕೆಟ್ಟ ರಕ್ತ’ ಹೊರಹೋಗುತ್ತದೆಂಬ ನಂಬಿಕೆಗಂತೂ ಆಧಾರವಿಲ್ಲ. ಬಟ್ಟಲಿನಲ್ಲಿ ಗಟ್ಟಿಯಾಗಿ ಕಾಣುವುದು ಸಹಜವಾಗಿ ಹೆಪ್ಪುಗಟ್ಟಿದ ರಕ್ತ. ದೇಹದ ಕಲ್ಮಷವನ್ನು ನಿವಾರಿಸುವ ಕಾರ್ಯ ಯಕೃತ್ತು ಮತ್ತು ಮೂತ್ರಪಿಂಡಗಳದು. ಮಧುಮೇಹ, ರಕ್ತದೊತ್ತಡಗಳ ಔಷಧಿಯನ್ನು ನಿಲ್ಲಿಸಿ ಬಟ್ಟಲನ್ನು ನೆಚ್ಚುವುದು ಅಪಾಯಕರ.

ಯಾರು ದೂರವಿರಬೇಕು?

ರಕ್ತಹೀನತೆಯುಳ್ಳವರು, ರಕ್ತಸ್ರಾವದ ದೋಷವುಳ್ಳವರು ಮತ್ತು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು ತೇವ ವಿಧಾನಕ್ಕೆ ಒಳಗಾಗಬಾರದು. ಗರ್ಭಿಣಿಯರೂ ಮಧುಮೇಹಿಗಳೂ ತಮ್ಮ ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಒಮ್ಮೆ ಬಳಸಿದ ಬ್ಲೇಡನ್ನು ಮತ್ತೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಸೋಂಕು ತಗಲುವ ಭಯವುಂಟು. ಹೊಸ ಬ್ಲೇಡನ್ನು ಕಣ್ಣೆದುರಿಗೇ ತೆರೆಯುವಂತೆ ಕೇಳಲು ಸಂಕೋಚಪಡಬೇಕಾಗಿಲ್ಲ.

ಊರಿನಿಂದ ಮಕ್ಕಳ ಮನೆಗೆ ಬಂದ ಹಿರಿಯರ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ತಮಿಳು ಬಾರದ ಅವರು ಹೃದಯಕ್ಕಾಗಿ ಸೇವಿಸುತ್ತಿರುವ ಮಾತ್ರೆಯ ವಿಚಾರವನ್ನು ಚಿಕಿತ್ಸಕರಿಗೆ ತಿಳಿಸದೇ ಹೋಗಬಹುದು. ಜೊತೆಗೆ ಹೋಗುವವರು ಮಾತ್ರೆಗಳ ಚೀಟಿಯನ್ನು ಮರೆಯದೆ ಒಯ್ಯಬೇಕು. ಎದೆನೋವು, ಕಾಲುಗಳಲ್ಲಿ ಬಲಹೀನತೆ, ಜ್ವರದೊಡನೆ ಬೆನ್ನುನೋವು ಇದ್ದಲ್ಲಿ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಬೀದಿಯ ಫಲಕವನ್ನು ನಂಬಿ ಬೆನ್ನೊಡ್ಡುವ ಬದಲು ವಿದ್ಯಾವಂತ ಯುನಾನಿ ವೈದ್ಯರನ್ನು ವಿಚಾರಿಸಲು ಚೆನ್ನೈನಲ್ಲಿ ಅವಕಾಶವಿದೆ. ಅರುಂಬಾಕ್ಕಂನ ಅರಿಜ್ಞರ್ ಅಣ್ಣಾ ಭಾರತೀಯ ವೈದ್ಯ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ಯುನಾನಿ ವೈದ್ಯಕೀಯ ಕಾಲೇಜು ಇದೆ. ರಾಯಪುರಂನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಯುನಾನಿ ಸಂಶೋಧನಾ ಸಂಸ್ಥೆ ಇದೆ. ಬೆಂಗಳೂರಿನ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯೂ ಇದೆ. ಸ್ನಾಯುನೋವಿಗೆ ಬಟ್ಟಲು ಸಹಾಯಕವಾದೀತು. ಆದರೆ ನೋವಿನ ಮೂಲವೇನೆಂಬುದನ್ನು ಮೊದಲು ವೈದ್ಯರಿಂದ ತಿಳಿದುಕೊಂಡು, ಅನಂತರ ಚಿಕಿತ್ಸೆಯನ್ನು ಆರಿಸಿಕೊಳ್ಳುವುದೇ ಶ್ರೇಯಸ್ಕರ.