ಓದು ಮನೆಯ ಆಟವಾಗಲಿ

ಬಸವ ಜಯಂತಿಯ ವೇದಿಕೆಯಲ್ಲಿ ಮಗುವೊಂದು ವಚನವನ್ನು ನಿರರ್ಗಳವಾಗಿ ಹೇಳುವಾಗ ನೆರೆದವರ ಮನಸ್ಸು ತುಂಬಿ ಬರುತ್ತದೆ. ಆದರೆ ಅದೇ ವಚನವನ್ನು ಪುಸ್ತಕದಲ್ಲಿ ತೋರಿಸಿ ಓದೆಂದರೆ ಎಷ್ಟೋ ಮಕ್ಕಳು ತಡವರಿಸುತ್ತಾರೆ. ಕಿವಿಗೆ ಒಲಿದದ್ದು ಕಣ್ಣಿಗೆ ಒಲಿದಿರುವುದಿಲ್ಲ.

ಇದು ಅಲ್ಪ ಹಾನಿಯಲ್ಲ. ವಚನಗಳ ತಾಡವೋಲೆಗಳು ಬಹುಕಾಲ ಮಠಗಳಲ್ಲಿ, ಮನೆತನಗಳಲ್ಲಿ ಗಂಟುಕಟ್ಟಿ ಕುಳಿತಿದ್ದವು. ಎಷ್ಟೋ ಕಡೆ ಪೂಜೆಗೊಳ್ಳುತ್ತಿದ್ದವೇ ಹೊರತು ಓದಿಸಿಕೊಳ್ಳುತ್ತಿರಲಿಲ್ಲ. ಫ. ಗು. ಹಳಕಟ್ಟಿಯವರು ಅವುಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚಿಗೆ ತಂದರು. ಅಚ್ಚಾದ ಗ್ರಂಥವೂ ಜಗುಲಿಯ ಮೇಲೆ ಬರಿಯ ಪೂಜಾವಸ್ತುವಾಗಿ ಉಳಿದರೆ ಆ ಶ್ರಮಕ್ಕೆ ಸಾರ್ಥಕತೆ ಎಲ್ಲಿಯದು?

ಓದನ್ನು ಕಲಿಸಲು ಬೆತ್ತ ಬೇಡ, ಆಟ ಸಾಕು. ಅದಕ್ಕೆ ಬೇಕಾದ ಸಾಮಗ್ರಿ ಮನೆಯಲ್ಲಿಯೇ ಇದೆ.

ಎಳೆಯ ಮಗುವಿಗೆ ಹರಿವಾಣದಲ್ಲಿ ರಾಗಿ ಹರಡಿ ಕೊಡಿರಿ. ಬೆರಳಿನಿಂದ ತಿದ್ದಿದ ಅಕ್ಷರ ತಪ್ಪಾದರೆ ಹರಿವಾಣವನ್ನು ಅಲುಗಿಸಿದರಾಯಿತು; ತಪ್ಪಿನ ಗುರುತೂ ಉಳಿಯದು, ಭಯವೂ ಉಳಿಯದು. ಅಡುಗೆಮನೆಯ ಡಬ್ಬಿಗಳಿಗೆ ‘ಬೆಲ್ಲ’, ‘ಅವಲಕ್ಕಿ’ ಎಂದು ಚೀಟಿ ಅಂಟಿಸಿ, ಬೇಕಾದುದನ್ನು ಮಗುವೇ ಓದಿ ತರಲಿ.

ಹಳೆಯ ಲಗ್ನಪತ್ರಿಕೆಗಳಲ್ಲಿ ಒತ್ತಕ್ಷರಗಳನ್ನು ಹುಡುಕಿಸಿರಿ. ‘ಲಗ್ನಪತ್ರಿಕೆ’ ಎಂಬ ಪದದಲ್ಲಿಯೇ ಎರಡಿವೆ! ಅವೇ ಪತ್ರಿಕೆಗಳನ್ನು ಕತ್ತರಿಸಿ, ಒಂದು ಚೀಟಿಯ ಮೇಲೆ ಶರಣರ ಹೆಸರು, ಇನ್ನೊಂದರ ಮೇಲೆ ಅಂಕಿತ ಬರೆಯಿರಿ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುಗಳಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ ಎಂದು ಮಕ್ಕಳು ಜೋಡಿಸಲಿ. ಅಂಬಿಗರ ಚೌಡಯ್ಯನವರ ಅಂಕಿತ ಅವರ ಹೆಸರೇ ಎಂದು ತಿಳಿದಾಗ ಅವರ ಮುಖದಲ್ಲಿ ಮೂಡುವ ನಗೆಯನ್ನು ನೋಡಿರಿ.

ದೊಡ್ಡ ಮಕ್ಕಳಿಗೆ ಪದಸರಪಳಿ ಹಿಡಿಸುತ್ತದೆ: ಕಮಲ, ಲವಂಗ, ಗರಗಸ, ಸರ. ಆಡಿದ ಪದಗಳನ್ನು ಬರೆದಿಡುವ ಕೆಲಸ ಅವರದೇ ಆಗಲಿ. ರಾತ್ರಿ ಪ್ರಸಾದವಾದ ಮೇಲೆ ಅಜ್ಜನೋ ಅಜ್ಜಿಯೋ ವಚನವನ್ನು ಓದುತ್ತ, ಬೇಕೆಂದೇ ಒಂದು ಪದವನ್ನು ತಪ್ಪಿಸಲಿ. ಪುಸ್ತಕದ ಮೇಲೆ ಕಣ್ಣಿಟ್ಟ ಮೊಮ್ಮಗು ಹಿರಿಯರ ತಪ್ಪನ್ನು ಹಿಡಿಯಬೇಕು. ಇದಕ್ಕಿಂತ ಪ್ರಿಯವಾದ ಆಟ ಮಕ್ಕಳಿಗೆ ಇನ್ನಾವುದು?

ಎರಡು ಎಚ್ಚರಿಕೆಗಳು. ದಿನಕ್ಕೆ ಹದಿನೈದು ನಿಮಿಷ ಸಾಕು. ಮಗು ‘ಇನ್ನೂ ಬೇಕು’ ಎನ್ನುವಾಗಲೇ ನಿಲ್ಲಿಸಬೇಕು. ಪಕ್ಕದ ಮನೆಯ ಮಗುವಿನೊಡನೆ ಹೋಲಿಸಬಾರದು. ಹೋಲಿಕೆ ಬಂದೊಡನೆ ಆಟ ಪರೀಕ್ಷೆಯಾಗುತ್ತದೆ.

ಶರಣರು ಅನುಭಾವವನ್ನು ಆಡುಮಾತಿನಲ್ಲಿ ಹೇಳಿದುದು ಎಲ್ಲರಿಗೂ ತಲುಪಲೆಂದು. ಅದು ನಮ್ಮ ಮನೆಯ ಮಕ್ಕಳ ಕಣ್ಣಿಗೂ ತಲುಪಲಿ. ಜಗುಲಿಯ ಮೇಲಿನ ಪುಸ್ತಕವನ್ನು ಇಂದೇ ಕೆಳಗಿಳಿಸಿ, ಮಗುವಿನ ಕೈಗೆ ಕೊಡಿರಿ.