ಮುಳ್ಳುತಂತಿಯ ಆಚೆ ಈಚೆ

ಯುದ್ಧವೆಂದೊಡನೆ ನಮ್ಮ ಕಣ್ಣೆದುರು ಮೂಡುವುದು ಕುರುಕ್ಷೇತ್ರ. ಹದಿನೆಂಟು ಅಕ್ಷೋಹಿಣಿ ಸೈನ್ಯ ನೆರೆದ ಆ ಮಹಾಸಮರಕ್ಕೂ ಒಂದು ಕಟ್ಟುಪಾಡಿತ್ತು. ಹೊತ್ತು ಮುಳುಗಿದೊಡನೆ ಕಾದಾಟ ನಿಲ್ಲಬೇಕು, ಆಯುಧ ಕಳೆದುಕೊಂಡವನನ್ನು ಕೊಲ್ಲಕೂಡದು, ಬೆನ್ನು ತಿರುಗಿಸಿದವನನ್ನು ಹೊಡೆಯಕೂಡದು ಎಂದು ಎರಡೂ ಪಕ್ಷದ ಹಿರಿಯರು ಮೊದಲೇ ಒಪ್ಪಿಕೊಂಡಿದ್ದರು. ಆ ಒಪ್ಪಂದ ಒಂದೊಂದಾಗಿ ಮುರಿದುಬಿದ್ದ ಬಗೆಯನ್ನು ನಾವೆಲ್ಲ ಬಲ್ಲೆವು. ಮೊದಲನೆಯ ಮಹಾಯುದ್ಧದಲ್ಲಿ ಇದಕ್ಕೆ ತಿರುವುಮುರುವಾದ ಸಂಗತಿಯೊಂದು ನಡೆಯಿತು. ಅಲ್ಲಿ ದಿನದ ಕಾದಾಟಕ್ಕೆ ಬಿಡುವು ಕೊಡುವ ಕಟ್ಟುಪಾಡನ್ನು ಹಿರಿಯರು ಮಾಡಲಿಲ್ಲ. ಎದುರುಬದುರು ಕುಳಿತ ಸಾಮಾನ್ಯ ಸಿಪಾಯಿಗಳೇ, ಒಂದು ಮಾತನ್ನೂ ಆಡದೆ, ತಮ್ಮ ತಮ್ಮಲ್ಲಿ ಮಾಡಿಕೊಂಡರು. ಅದನ್ನು ಮುರಿಯುವ ಕೆಲಸ ಹಿರಿಯರ ಪಾಲಿಗೆ ಬಂದಿತು.

ಕಲಾ ಪದವಿಗಾಗಿ ಇತಿಹಾಸವನ್ನು ಓದುವಾಗ ಈ ಯುದ್ಧದ ಕಾರಣಗಳು ಐದು, ಪರಿಣಾಮಗಳು ಏಳು ಎಂದು ಬಾಯಿಪಾಠ ಮಾಡಿದ್ದೆ. ಯುದ್ಧಕ್ಕೆ ಹೋದವರು ಏನನ್ನು ಉಂಡರು, ಒದ್ದೆಯಾದ ಬಟ್ಟೆಯನ್ನು ಎಲ್ಲಿ ಒಣಗಿಸಿದರು ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬರುತ್ತಿರಲಿಲ್ಲ. ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ, ಇಲ್ಲಿಯ ಹೆಚ್ಚುಕಡಿಮೆ ಪ್ರತಿಯೊಂದು ಹಳ್ಳಿಯಲ್ಲೂ ಮಡಿದವರ ಹೆಸರುಗಳನ್ನು ಕೊರೆದ ಕಲ್ಲೊಂದು ನಿಂತಿರುವುದನ್ನು ಕಂಡೆ. ನಮ್ಮ ಊರಬಾಗಿಲಿನ ವೀರಗಲ್ಲುಗಳನ್ನು ನೋಡಿ ಬೆಳೆದ ನನಗೆ ಆ ಹೆಸರುಗಳ ಹಿಂದಿನ ಮನುಷ್ಯರನ್ನು ಅರಿಯುವ ಆಸೆಯಾಯಿತು. ಹೀಗೆ ಬಿಡುವಿನ ವೇಳೆಯಲ್ಲಿ ಓದಿಕೊಂಡದ್ದನ್ನು, ಮನೆವಾರ್ತೆ ನಡೆಸಿದವಳೊಬ್ಬಳ ಕಣ್ಣಿನಿಂದ, ಈ ಸ್ಮರಣ ಸಂಚಿಕೆಯ ಓದುಗರ ಮುಂದಿಡುತ್ತಿದ್ದೇನೆ.

೧೯೧೪ರ ಆಗಸ್ಟ್‌ನಲ್ಲಿ ಆರಂಭವಾದ ಯುದ್ಧ ಕ್ರಿಸ್‌ಮಸ್ಸಿನೊಳಗೆ ಮುಗಿಯುವುದೆಂದು ಅನೇಕರು ನಂಬಿದ್ದರು. ಆದರೆ ಮೆಷಿನ್‌ಗನ್ನಿನ ಮುಂದೆ ಬಯಲಿನಲ್ಲಿ ನಿಲ್ಲುವುದು ಯಾರಿಗೂ ಸಾಧ್ಯವಾಗಲಿಲ್ಲ. ಎರಡೂ ಸೈನ್ಯಗಳು ನೆಲವನ್ನು ಅಗೆದು ಒಳಗಿಳಿದವು. ಆ ವರ್ಷ ಮುಗಿಯುವ ಮೊದಲೇ ಬೆಲ್ಜಿಯಮ್ಮಿನ ಕಡಲ ತೀರದಿಂದ ಸ್ವಿಟ್ಜರ್ಲೆಂಡಿನ ಗಡಿಯವರೆಗೆ ಸುಮಾರು ೭೦೦ ಕಿಲೋಮೀಟರ್ ಉದ್ದಕ್ಕೆ ಕಂದಕಗಳ ಸಾಲು ಹಬ್ಬಿತು. ಒಂದು ಗುಂಡು ಬಿದ್ದರೆ ಸಾಲಿನುದ್ದಕ್ಕೂ ಸಾವು ಹರಿಯಬಾರದೆಂದು ಕಂದಕಗಳನ್ನು ನೇರವಾಗಿ ತೋಡದೆ ಅಂಕುಡೊಂಕಾಗಿ ತೋಡುತ್ತಿದ್ದರು. ನಡುವೆ ಮುಳ್ಳುತಂತಿಯ ಬೇಲಿಗಳು. ಬೇಲಿಗಳ ನಡುವೆ ಯಾರದೂ ಅಲ್ಲದ ನೆಲ. ಕೆಲವೆಡೆ ಅದರ ಅಗಲ ನೂರಾರು ಮೀಟರ್. ಕೆಲವೆಡೆ ಐವತ್ತು ಮೀಟರ್ ಕೂಡ ಇರಲಿಲ್ಲ. ಅಷ್ಟು ಹತ್ತಿರದಲ್ಲಿ ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಕೇಳಿಸುತ್ತಿತ್ತು.

ದಿನಚರಿ ಎರಡೂ ಕಡೆ ಬಹುಮಟ್ಟಿಗೆ ಒಂದೇ. ಬೆಳಗಿನ ಜಾವ, ಶತ್ರು ಮೇಲೆರಗುವ ಹೊತ್ತೆಂದು, ಎಲ್ಲರೂ ಬಂದೂಕು ಹಿಡಿದು ಸಿದ್ಧರಾಗಿ ನಿಲ್ಲುವುದು. ಬೆಳಕು ಹರಿದ ಮೇಲೆ ಉಪಾಹಾರ. ಹಗಲೆಲ್ಲ ತಲೆ ತಗ್ಗಿಸಿಕೊಂಡು ನಿದ್ರೆ, ಸಣ್ಣಪುಟ್ಟ ದುರಸ್ತಿ, ಕಾಗದ ಬರೆಯುವುದು. ಕತ್ತಲಾದ ಮೇಲೆಯೇ ನಿಜವಾದ ದುಡಿಮೆ. ನೀರು, ಆಹಾರ, ಮದ್ದುಗುಂಡುಗಳನ್ನು ಹೊತ್ತು ತರಬೇಕು. ಮಣ್ಣಿನ ಚೀಲಗಳನ್ನು ಒಟ್ಟಬೇಕು. ಬೇಲಿಯಾಚೆ ಹೋಗಿ ತಂತಿ ಬಿಗಿಯಬೇಕು. ಇಂಗ್ಲಿಷರ ನೀರು ಪೆಟ್ರೋಲ್ ಡಬ್ಬಗಳಲ್ಲಿ ಬರುತ್ತಿದ್ದುದರಿಂದ ಅವರ ಚಹಾ ಪೆಟ್ರೋಲಿನ ರುಚಿ ಹೊತ್ತಿರುತ್ತಿತ್ತು. ಜೊತೆಗೆ ಡಬ್ಬದ ಮಾಂಸ, ಕಲ್ಲಿನಂಥ ಬಿಸ್ಕತ್ತು, ಒಂದು ಗುಟುಕು ರಮ್. ಫ್ರೆಂಚರಿಗೆ ಅಗ್ಗದ ದ್ರಾಕ್ಷಾಮದ್ಯ. ಜರ್ಮನರಿಗೆ ಆಲೂಗಡ್ಡೆ ಹಿಟ್ಟು ಬೆರೆಸಿದ ಯುದ್ಧದ ರೊಟ್ಟಿ. ಬ್ರಿಟಿಷ್ ನೌಕಾಪಡೆ ಜರ್ಮನಿಗೆ ಬರುವ ಆಹಾರವನ್ನು ತಡೆದಿತ್ತು. ೧೯೧೬ರಲ್ಲಿ ಆಲೂಗಡ್ಡೆಯ ಬೆಳೆಯೂ ಕೈಕೊಟ್ಟಿತು. ಆ ದೇಶದ ಮನೆಮನೆಗಳು ಟರ್ನಿಪ್ ಗೆಡ್ಡೆ ತಿಂದು ಚಳಿಗಾಲ ಕಳೆದವು. ೧೯೧೮ರ ಮಾರ್ಚ್‌ನಲ್ಲಿ ಮುನ್ನುಗ್ಗಿದ ಜರ್ಮನ್ ಸೈನಿಕರು ಇಂಗ್ಲಿಷರ ಉಗ್ರಾಣಗಳನ್ನು ಕಂಡು, ಯುದ್ಧವನ್ನು ಮರೆತು ಉಣ್ಣಲು ಕುಳಿತರೆಂದು ಇತಿಹಾಸಕಾರರು ಬರೆಯುತ್ತಾರೆ. ಶತ್ರುವೂ ತಮ್ಮಂತೆಯೇ ಹಸಿದಿದ್ದಾನೆಂದು ನಂಬಿದ್ದವರಿಗೆ ಆ ಸಮೃದ್ಧಿಯೇ ಒಂದು ಸೋಲಾಗಿತ್ತು.

ವಾಸದ ವ್ಯವಸ್ಥೆಯಲ್ಲಿ ಜರ್ಮನರದು ಮೇಲುಗೈ. ಹಿಡಿದ ನೆಲವನ್ನು ಉಳಿಸಿಕೊಳ್ಳುವುದು ಅವರ ಗುರಿಯಾದ್ದರಿಂದ ಸಾಮಾನ್ಯವಾಗಿ ಎತ್ತರದ ಜಾಗಗಳನ್ನು ಆರಿಸಿಕೊಂಡು, ಸೋಮ್ ನದಿಯ ಪ್ರಾಂತ್ಯದಲ್ಲಿ ಮೂವತ್ತು ಅಡಿ ಆಳದವರೆಗೂ ನೆಲಮನೆಗಳನ್ನು ತೋಡಿದ್ದರು. ಇಂದೋ ನಾಳೆಯೋ ಮುನ್ನುಗ್ಗುವೆವೆಂದು ಹೊರಟ ಬ್ರಿಟಿಷ್ ಸೇನೆಗೆ ಕಂದಕವೆಂಬುದು ತಾತ್ಕಾಲಿಕ ಬಿಡಾರ. ಆದರೆ ಕೆಸರು ಯಾವ ಪಕ್ಷವನ್ನೂ ವಹಿಸಲಿಲ್ಲ. ಫ್ಲಾಂಡರ್ಸ್‌ನ ಜೇಡಿಮಣ್ಣಿನಲ್ಲಿ ಎರಡಡಿ ಅಗೆದರೆ ನೀರು ಜಿನುಗುತ್ತದೆ. ದಿನಗಟ್ಟಲೆ ನೀರಿನಲ್ಲಿ ನಿಂತ ಕಾಲುಗಳು ಬಾತು, ಮರಗಟ್ಟಿ, ಕೊಳೆಯುತ್ತಿದ್ದವು. ಮೊದಲ ಚಳಿಗಾಲದಲ್ಲಿಯೇ ಸುಮಾರು ೨೦,೦೦೦ ಬ್ರಿಟಿಷ್ ಸೈನಿಕರು ಈ ಕಾಯಿಲೆಗೆ ಚಿಕಿತ್ಸೆ ಪಡೆದರು. ಅನಂತರ, ಇಬ್ಬಿಬ್ಬರು ಜೊತೆಗಾರರು ಒಬ್ಬರ ಕಾಲನ್ನು ಇನ್ನೊಬ್ಬರು ನೋಡಿಕೊಳ್ಳಬೇಕು, ತಿಮಿಂಗಿಲದ ಎಣ್ಣೆ ಹಚ್ಚಿ ತಿಕ್ಕಬೇಕು, ದಿನವೂ ಒಣಗಿದ ಕಾಲುಚೀಲ ತೊಡಬೇಕು ಎಂಬ ನಿಯಮ ಬಂದಿತು. ಕೊಲ್ಲಲು ಕಳುಹಿಸಿದ ಗಂಡಸರು ತಾಯಂದಿರಂತೆ ಒಬ್ಬರ ಪಾದವನ್ನು ಒಬ್ಬರು ನೀವುತ್ತ ಕುಳಿತ ಚಿತ್ರವನ್ನು ಯಾವ ಪಠ್ಯಪುಸ್ತಕವೂ ನನಗೆ ಕೊಟ್ಟಿರಲಿಲ್ಲ.

ಬಟ್ಟೆಯ ಹೊಲಿಗೆಗಳಲ್ಲಿ ಕೂರೆ ಸೇರಿಕೊಳ್ಳುತ್ತಿದ್ದವು. ಮೇಣದಬತ್ತಿಯ ಉರಿಯನ್ನು ಹೊಲಿಗೆಯುದ್ದಕ್ಕೂ ಆಡಿಸಿ ಅವುಗಳನ್ನು ಸುಡುವುದು ಎರಡೂ ಕಡೆಯವರ ನಿತ್ಯಕರ್ಮ. ಮೈಕೈ ನೋಯಿಸಿ ವಾರಗಟ್ಟಲೆ ಮಲಗಿಸುತ್ತಿದ್ದ ಕಂದಕ ಜ್ವರ ಈ ಕೂರೆಗಳಿಂದಲೇ ಹರಡುವುದೆಂದು ಖಚಿತವಾದದ್ದು ೧೯೧೮ರಲ್ಲಿ. ಇನ್ನು ಇಲಿಗಳು ಉಂಡು ಕೊಬ್ಬಿದ್ದವು. ಅವುಗಳ ಆಹಾರ ಯಾವುದೆಂದು ಇಲ್ಲಿ ಬರೆಯಲು ನನ್ನ ಲೇಖನಿ ಹಿಂಜರಿಯುತ್ತದೆ.

ಈ ನರಕದಲ್ಲಿ ಮನುಷ್ಯರನ್ನು ಮನುಷ್ಯರಾಗಿ ಉಳಿಸಿದ್ದು ಅಂಚೆ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕಟ್ಟಿದ ಬೃಹತ್ ಮರದ ಕಟ್ಟಡದ ಮೂಲಕ, ಯುದ್ಧ ಉಚ್ಛ್ರಾಯದಲ್ಲಿದ್ದಾಗ, ವಾರಕ್ಕೆ ಒಂದು ಕೋಟಿ ಇಪ್ಪತ್ತು ಲಕ್ಷ ಪತ್ರಗಳು ಸಾಗುತ್ತಿದ್ದವು. ಬರೆಯಲು ವ್ಯವಧಾನವಿಲ್ಲದವನಿಗೆ ಅಚ್ಚಾದ ಕಾರ್ಡೊಂದಿತ್ತು. ನಾನು ಕ್ಷೇಮ, ಆಸ್ಪತ್ರೆಗೆ ಸೇರಿದ್ದೇನೆ ಮುಂತಾದ ಸಾಲುಗಳಲ್ಲಿ ಬೇಡವಾದವನ್ನು ಹೊಡೆದುಹಾಕಿ ಕಳುಹಿಸಬೇಕು. ಒಂದು ಪದ ಹೆಚ್ಚಿಗೆ ಬರೆದರೂ ಕಾರ್ಡು ಹರಿದು ಕಸಕ್ಕೆ ಹೋಗುತ್ತಿತ್ತು. ಆಚೆ ಬದಿಯಲ್ಲಿಯೂ ಸೈನಿಕರ ಅಂಚೆ ಉಚಿತವಾಗಿತ್ತು. ಕಾಲುಚೀಲ, ಸಿಹಿತಿಂಡಿ, ಹೊಗೆಸೊಪ್ಪು ತುಂಬಿದ ಪೊಟ್ಟಣಗಳನ್ನು ಜರ್ಮನರು ‘ಪ್ರೀತಿಯ ಕಾಣಿಕೆ’ ಎಂದು ಕರೆಯುತ್ತಿದ್ದರು. ಎರಡೂ ದೇಶಗಳ ಹೆಂಗಸರು ಒಂದೇ ಚಳಿಗೆ ಒಂದೇ ಬಗೆಯ ಕಾಲುಚೀಲಗಳನ್ನು ಹೆಣೆಯುತ್ತಿದ್ದರು.

ಹೀಗೆ ಒಂದೇ ಕೆಸರು, ಒಂದೇ ಕೂರೆ, ಒಂದೇ ಕಾಯುವಿಕೆಯಲ್ಲಿ ಬದುಕಿದವರು ಪರಸ್ಪರ ನೆರೆಹೊರೆಯವರಾದರು. ಎದುರುಮನೆಯ ಒಲೆ ಎಷ್ಟು ಹೊತ್ತಿಗೆ ಹೊಗೆಯಾಡುತ್ತದೆಂದು ನಮಗೆ ತಿಳಿದಿರುವಂತೆ, ಎದುರಾಳಿಗಳ ಉಪಾಹಾರದ ಹೊತ್ತು ಅವರಿಗೆ ತಿಳಿದಿತ್ತು. ಎಷ್ಟೋ ಕಡೆ ಆ ಹೊತ್ತಿನಲ್ಲಿ ಯಾರೂ ಗುಂಡು ಹಾರಿಸುತ್ತಿರಲಿಲ್ಲ. ಈಚೆಯವರ ಆಹಾರದ ಬಂಡಿಯನ್ನು ಹೊಡೆದರೆ ಸಂಜೆ ತಮ್ಮ ಬಂಡಿಯೂ ಬಾರದೆಂಬ ಅರಿವು ಆಚೆಯವರಿಗಿತ್ತು. ಫಿರಂಗಿಗಳು ದಿನವೂ ಅದೇ ಹೊತ್ತಿಗೆ, ಅದೇ ಜಾಗಕ್ಕೆ ಗುಂಡು ಎಸೆಯುತ್ತಿದ್ದವು. ಆ ಹೊತ್ತಿಗೆ ಆ ಜಾಗದಲ್ಲಿ ಯಾರೂ ಇರುತ್ತಿರಲಿಲ್ಲ. ಆಜ್ಞೆಯ ಪಾಲನೆಯೂ ಆಯಿತು, ಜೀವವೂ ಉಳಿಯಿತು. ಟೋನಿ ಆಶ್‌ವರ್ತ್ ಎಂಬ ಸಮಾಜಶಾಸ್ತ್ರಜ್ಞರು ಸೈನಿಕರ ದಿನಚರಿ, ಪತ್ರ, ನೆನಪುಗಳನ್ನು ಕಲೆಹಾಕಿ ೧೯೮೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ‘ಬದುಕು, ಬದುಕಲು ಬಿಡು’ ಎಂಬ ವ್ಯವಸ್ಥೆಯೆಂದೇ ವಿವರಿಸಿದ್ದಾರೆ.

೧೯೧೪ರ ಕ್ರಿಸ್‌ಮಸ್ ಕದನವಿರಾಮ ಎಲ್ಲರಿಗೂ ಗೊತ್ತು. ಜರ್ಮನರು ಕಂದಕದ ಅಂಚಿನಲ್ಲಿ ಮೇಣದಬತ್ತಿ ಹಚ್ಚಿದ ಪುಟ್ಟ ಮರಗಳನ್ನು ನಿಲ್ಲಿಸಿ ಹಾಡಿದರು. ಇಂಗ್ಲಿಷರು ಚಪ್ಪಾಳೆ ತಟ್ಟಿ ತಮ್ಮ ಹಾಡು ಹಾಡಿದರು. ಸುಮಾರು ಒಂದು ಲಕ್ಷ ಸೈನಿಕರು ಇದರಲ್ಲಿ ಪಾಲ್ಗೊಂಡಿರಬಹುದೆಂದು ಅಂದಾಜು. ಗುಂಡಿ, ಸಿಗರೇಟುಗಳ ವಿನಿಮಯಕ್ಕಿಂತ ಮೊದಲು ಅನೇಕ ಕಡೆ ಅವರು ಮಾಡಿದ ಕೆಲಸ, ನಡುವಿನ ನೆಲದಲ್ಲಿ ವಾರಗಟ್ಟಲೆ ಬಿದ್ದಿದ್ದ ಹೆಣಗಳನ್ನು ಮಣ್ಣುಮಾಡುವುದು. ಮುಂದೆ ವ್ಯಂಗ್ಯಚಿತ್ರಕಾರರಾಗಿ ಹೆಸರಾದ ಬ್ರೂಸ್ ಬೇರ್ನ್ಸ್‌ಫಾದರ್ ಅಂದು ಅಲ್ಲಿದ್ದರು. ತಮ್ಮ ಪಡೆಯ ಮೆಷಿನ್‌ಗನ್ ಸಿಪಾಯಿಯೊಬ್ಬ, ಮೊಣಕಾಲೂರಿ ಕುಳಿತ ಜರ್ಮನನ ತಲೆಗೂದಲನ್ನು ಕತ್ತರಿಸುತ್ತಿದ್ದುದನ್ನು ಅವರು ಬರೆದಿಟ್ಟಿದ್ದಾರೆ. ಕತ್ತರಿಯನ್ನು ಕುತ್ತಿಗೆಯ ಬಳಿ ತಂದವನಿಗೆ ತಲೆಬಾಗಿಸುವುದೆಂದರೆ ಎಂಥ ನಂಬಿಕೆ!

ಈ ನಂಬಿಕೆ ಮೇಲಧಿಕಾರಿಗಳನ್ನು ಕಂಗೆಡಿಸಿತು. ಮರುವರ್ಷ ಇಂಥದು ನಡೆಯಕೂಡದೆಂದು ಕಟ್ಟಾಜ್ಞೆ ಹೊರಟಿತು. ೧೯೧೫ರ ಕ್ರಿಸ್‌ಮಸ್‌ನಲ್ಲಿ ಅಲ್ಪಕಾಲದ ವಿರಾಮಕ್ಕೆ ಅವಕಾಶ ಕೊಟ್ಟ ಸ್ಕಾಟ್ಸ್ ಗಾರ್ಡ್ಸ್ ಪಡೆಯ ಇಯನ್ ಕಹೂನ್ ಎಂಬ ಅಧಿಕಾರಿ ಸೇನಾ ನ್ಯಾಯಾಲಯವನ್ನು ಎದುರಿಸಬೇಕಾಯಿತು. ರಾತ್ರಿವೇಳೆ ಎದುರಿನ ಕಂದಕಕ್ಕೆ ನುಗ್ಗಿ ಕೊಂದು, ಸೆರೆಯಾಳುಗಳನ್ನು ತರಬೇಕೆಂಬ ದಾಳಿಗಳನ್ನು ಕಡ್ಡಾಯ ಮಾಡಿದರು. ಆಕಾಶಕ್ಕೆ ಗುಂಡು ಹಾರಿಸಿ ಲೆಕ್ಕ ಒಪ್ಪಿಸಬಹುದು. ಸೆರೆಯಾಳನ್ನು ಸುಳ್ಳುಸುಳ್ಳಾಗಿ ತರಲಾಗುವುದಿಲ್ಲ. ಒಂದು ದಾಳಿಗೆ ಇನ್ನೊಂದು ಸೇಡಿನ ದಾಳಿ. ೧೯೧೫ರ ಏಪ್ರಿಲ್ ೨೨ರಂದು ಈಪ್ರ್ ಬಳಿ ಜರ್ಮನರು ವಿಷಾನಿಲ ಬಿಟ್ಟರು. ೧೯೧೬ರ ಜುಲೈ ೧ರಂದು, ಸೋಮ್ ಕದನದ ಮೊದಲ ದಿನವೇ, ಬ್ರಿಟಿಷ್ ಸೇನೆಯ ೧೯,೨೪೦ ಜನ ಸತ್ತರು. ಉಪಾಹಾರದ ಹೊತ್ತಿನ ಮೌನ ಎಲ್ಲೆಡೆಯೂ ಅಳಿಯಲಿಲ್ಲ, ಆದರೆ ಅದರ ಬೇರು ಸಡಿಲವಾಯಿತು.

ಈ ಕೆಸರಿನಲ್ಲಿ ನಮ್ಮ ನಾಡಿನವರೂ ಇದ್ದರು. ೧೯೧೪ರ ಸೆಪ್ಟೆಂಬರ್ ಕೊನೆಯಲ್ಲಿ ಭಾರತೀಯ ಪಡೆಗಳು ಮಾರ್ಸೇಲ್ಸ್ ಬಂದರಿಗೆ ಬಂದಿಳಿದವು. ಆ ಕ್ರಿಸ್‌ಮಸ್ಸಿನಂದು ಜರ್ಮನರನ್ನು ನಡುವಿನ ನೆಲದಲ್ಲಿ ಭೇಟಿಯಾದವರಲ್ಲಿ ಗಢವಾಲ್ ರೈಫಲ್ಸ್ ಸೈನಿಕರೂ ಸೇರಿದ್ದರು. ಭಾರತೀಯರ ಪತ್ರಗಳನ್ನು ಪರೀಕ್ಷಕರು ಓದಿಯೇ ಮುಂದೆ ಕಳುಹಿಸುತ್ತಿದ್ದುದರಿಂದ, ಕೆಲವರು ಭಾರತೀಯ ಸಿಪಾಯಿಗಳಿಗೆ ‘ಕರಿಮೆಣಸು’, ಬಿಳಿಯರಿಗೆ ‘ಕೆಂಪು ಮೆಣಸು’ ಎಂಬ ಗುಟ್ಟಿನ ಹೆಸರಿಟ್ಟು ಸಾವುನೋವಿನ ಸುದ್ದಿ ತಿಳಿಸಿದರು. ಅಡುಗೆಮನೆಯ ಮಾತೇ ಅವರ ಸಂಕೇತಭಾಷೆಯಾಯಿತು. ನ್ಯೂವ್ ಶಾಪೆಲ್‌ನ ಸ್ಮಾರಕದ ಮೇಲೆ ಸಮಾಧಿಯೂ ದೊರೆಯದ ೪,೭೦೦ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ನಮ್ಮ ಬೆಂಗಳೂರಿನ ಹೆಸರು ಈ ಯುದ್ಧಭೂಮಿಗೆ ಹೋದದ್ದು ಬೇರೊಂದು ದಾರಿಯಲ್ಲಿ. ಮದರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ೧೯೧೨ರಲ್ಲಿ ಬೆಂಗಳೂರಿನಲ್ಲಿ ರೂಪಿಸಿದ, ಸಿಡಿಮದ್ದು ತುಂಬಿದ ಉದ್ದನೆಯ ಕೊಳವೆಗೆ ‘ಬೆಂಗಳೂರು ಟಾರ್ಪೆಡೊ’ ಎಂಬ ಹೆಸರು ಬಂದಿತು. ಮುಳ್ಳುತಂತಿಯ ಬೇಲಿಯನ್ನು ಸಿಡಿಸಿ ದಾರಿ ಮಾಡುವುದು ಅದರ ಕೆಲಸ. ನೆರೆಯವರನ್ನು ಭೇಟಿಯಾಗಲು ಮಾಡಿದ ದಾರಿಯಲ್ಲ ಅದು.

ಇದನ್ನೆಲ್ಲ ಓದುವಾಗ ನನಗೆ ೧೯೯೯ರ ಬೇಸಿಗೆ ನೆನಪಾಗುತ್ತದೆ. ಕಾರ್ಗಿಲ್ ಯುದ್ಧ ನಡೆಯುತ್ತಿತ್ತು. ನಮ್ಮ ಪಕ್ಕದ ಮನೆಯಲ್ಲಿದ್ದುದು ಲಾಹೋರಿನ ಕುಟುಂಬ. ರಾತ್ರಿ ದೂರದರ್ಶನದ ಮುಂದೆ ಕುಳಿತಾಗ ನನ್ನ ರಕ್ತವೂ ಕುದಿಯುತ್ತಿತ್ತು, ಆಕೆಯದೂ ಕುದಿದಿರಬೇಕು. ಬೆಳಗ್ಗೆ ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವಾಗ ಬೇಲಿಯಾಚೆ ಆಕೆ, ಈಚೆ ನಾನು. ಯುದ್ಧದ ಮಾತನ್ನು ಇಬ್ಬರೂ ಎತ್ತಲಿಲ್ಲ. ಮಳೆ ಬರಬಹುದೇ ಎಂದು ಕೇಳಿಕೊಂಡೆವು. ಎರಡು ತಿಂಗಳು ಹಾಗೆಯೇ ನಡೆಯಿತು. ಅದನ್ನು ಹೇಡಿತನವೆನ್ನುವವರೂ ಇದ್ದಾರು. ಕಂದಕಗಳ ಕಥೆ ಓದಿದ ಮೇಲೆ ನನಗೆ ಹಾಗೆನಿಸುವುದಿಲ್ಲ. ದ್ವೇಷಕ್ಕೆ ದೂರ ಬೇಕು. ಗುಂಡಿಗೆ ಎದೆಕೊಟ್ಟವರಿಗಿಂತ ಸುರಕ್ಷಿತವಾಗಿ ಮನೆಯಲ್ಲಿ ಪತ್ರಿಕೆ ಓದಿದವರಲ್ಲಿಯೇ ಶತ್ರುದ್ವೇಷ ಹೆಚ್ಚಾಗಿದ್ದುದನ್ನು ಕಂಡು, ರಜೆಯಲ್ಲಿ ಊರಿಗೆ ಬಂದ ಎಷ್ಟೋ ಸೈನಿಕರು ಬೆರಗಾಗಿದ್ದರು.

ಆ ಮನೆಗಳಲ್ಲಿ ನಮ್ಮಂಥ ತಾಯಂದಿರೂ ಇದ್ದರು ಎಂಬುದನ್ನು ಮರೆಯುವಂತಿಲ್ಲ. ಕೆಲವು ವರ್ಷಗಳ ಹಿಂದೆ ನಾನೂ ನನ್ನ ಯಜಮಾನರೂ ಬೆಲ್ಜಿಯಮ್ಮಿನ ವ್ಲಾಡ್ಸ್‌ಲೋ ಎಂಬಲ್ಲಿರುವ ಜರ್ಮನ್ ಸೈನಿಕರ ಸ್ಮಶಾನಕ್ಕೆ ಹೋಗಿದ್ದೆವು. ಮರಗಳ ನೆರಳಿನಲ್ಲಿ ನೆಲಮಟ್ಟದ ಕಲ್ಲುಗಳು. ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿ ಜನ ಅಲ್ಲಿ ಮಲಗಿದ್ದಾರೆ. ಅವರಲ್ಲಿ ಒಬ್ಬ, ಕಲಾವಿದೆ ಕೇಟೆ ಕೋಲ್ವಿಟ್ಸ್ ಅವರ ಮಗ ಪೀಟರ್. ಹದಿನೆಂಟರ ಹುಡುಗ ಸ್ವಇಚ್ಛೆಯಿಂದ ಸೇನೆ ಸೇರಲು ತಂದೆಯ ಒಪ್ಪಿಗೆ ಬೇಕಾಗಿತ್ತು. ತಂದೆ ಒಲ್ಲೆನೆಂದಾಗ ಅವರ ಮನವೊಲಿಸಿದವಳು ತಾಯಿಯೇ. ೧೯೧೪ರ ಅಕ್ಟೋಬರ್‌ನಲ್ಲಿ ಅವನು ಸತ್ತ. ಅವನಿಗಾಗಿ ಒಂದು ಶಿಲ್ಪವನ್ನು ಕಲ್ಪಿಸಿ, ಕೆಡವಿ, ಮತ್ತೆ ಕಟ್ಟಿ, ತಾಯಿ ಅದನ್ನು ಪೂರ್ಣಗೊಳಿಸಿದ್ದು ೧೯೩೨ರಲ್ಲಿ. ಮಗನ ರೂಪ ಅದರಲ್ಲಿಲ್ಲ. ತಂದೆ ಒಂದು ಪೀಠದ ಮೇಲೆ, ತಾಯಿ ಇನ್ನೊಂದು ಪೀಠದ ಮೇಲೆ, ಬೇರೆ ಬೇರೆಯಾಗಿ ಮೊಣಕಾಲೂರಿ ಕುಳಿತಿದ್ದಾರೆ. ತಂದೆ ತನ್ನನ್ನೇ ತಬ್ಬಿಕೊಂಡಿದ್ದಾನೆ. ತಾಯಿ ತಲೆ ತಗ್ಗಿಸಿದ್ದಾಳೆ.

ನನ್ನ ಮಗನೂ ಈಗ ಬೆಳೆದು ದೊಡ್ಡವನಾಗಿದ್ದಾನೆ. ಈ ಸಮ್ಮೇಳನದಲ್ಲಿ ನೆರೆದಿರುವ ನಮ್ಮೆಲ್ಲರ ಮಕ್ಕಳೂ ಬೇರೆ ಬೇರೆ ದೇಶಗಳ ರಹದಾರಿ ಹಿಡಿದು, ಬೇರೆ ಬೇರೆ ಬಾವುಟಗಳ ಕೆಳಗೆ ಬಾಳುತ್ತಿದ್ದಾರೆ. ಅವರಿಗೆ ಹೇಳಬೇಕಾದ ದೊಡ್ಡ ಮಾತು ನನ್ನಲ್ಲಿಲ್ಲ. ಎದುರಿನವನ ಊಟದ ಹೊತ್ತು ಯಾವುದೆಂದು ತಿಳಿದುಕೊಂಡಿರಿ ಎಂದಷ್ಟೇ ಹೇಳಿಯೇನು.