ನಿಮಗಿದು ಗೊತ್ತೆ? ಗುರುತ್ವ ಸೊನ್ನೆಯಾದರೂ ನೌಕೆ ನಿಲ್ಲುತ್ತದೆ!

‘ಗ್ಯಾರೀಸ್ ಮಾಡ್’ನಂಥ ಗೇಮ್‌ನಲ್ಲಿ ಅಂತರಿಕ್ಷ ಕಾಳಗ ಹೂಡಲು ಗುರುತ್ವವನ್ನು ಸೊನ್ನೆ ಮಾಡಿದರಷ್ಟೇ ಸಾಲದು. ಗಾಳಿಯ ತಡೆ ಉಳಿದಿದ್ದರೆ, ಎಂಜಿನ್ ಆರಿಸಿದ ನೌಕೆ ಕೆಸರುಗದ್ದೆಗೆ ಇಳಿದ ಗಾಡಿಯಂತೆ ನಿಂತೇಬಿಡುತ್ತದೆ. ತಡೆಯನ್ನೂ ತೆಗೆದರೆ ಪಜೀತಿ ಬೇರೆ: ವೇಗ ಇಳಿಸಲು ನೌಕೆಯ ಮೂತಿ ತಿರುಗಿಸಿ, ಎದುರು ದಿಕ್ಕಿಗೆ ಎಂಜಿನ್ ಉರಿಸಬೇಕು. 1962ರ ‘ಸ್ಪೇಸ್‌ವಾರ್’ ಆಟದಲ್ಲೇ ಈ ಕಸರತ್ತು ಇತ್ತು.

ನಿಜದ ಬಾಹ್ಯಾಕಾಶವೂ ಪೂರ್ತಿ ಖಾಲಿಯೇನಲ್ಲ.

ಕಾಪು ಬಳಿಯ ಅದಮಾರಿನವರಾದ ಯು.ಆರ್. ರಾವ್ ಮುಂದಾಳತ್ವದಲ್ಲಿ ತಯಾರಾದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ಸುಮಾರು 600 ಕಿ.ಮೀ. ಎತ್ತರ, ಅಲ್ಲೂ ಭೂಮಿಯ ಗುರುತ್ವ ನೆಲದ ಮೇಲಿನದರ ಶೇ 80ಕ್ಕಿಂತ ಹೆಚ್ಚು! ಅಲ್ಲಿನ ತೀರಾ ತೆಳು ಗಾಳಿಯೇ ವರ್ಷಗಟ್ಟಲೆ ಉಜ್ಜಿ ಉಜ್ಜಿ 1992ರಲ್ಲಿ ಅದನ್ನು ವಾತಾವರಣಕ್ಕೆ ಇಳಿಸಿತು.